ಸುಟ್ಟುಹೋದ ಚಿತ್ರದ ಪ್ರಿಂಟ್ ಕೊಳ್ಳಬಹುದಾ?

ಓದುಗರ ಪ್ರಶ್ನೆ: ಸರ್, ನಾನು ಮಂಗಳೂರಿನವನು, ಶಾರ್ಜಾದಲ್ಲಿ ಕೆಲಸ. ಬರುವ ಮಾರ್ಚ್‌ಗೆ ಇಲ್ಲಿನದೆಲ್ಲ ಮುಗಿಸಿ ಊರಿಗೆ ವಾಪಸ್ ಬರುತ್ತಿದ್ದೇವೆ. ನಮ್ಮ ಆಫೀಸಿನ ಹಿರಿಯ ಅಕೌಂಟೆಂಟ್ ಪ್ಯಾಲೆಸ್ಟೀನಿನವರು. ಅವರ ಮನೆಯ ಹಾಲ್‌ನಲ್ಲಿ ಒಂದು ಚಿತ್ರ ಇದೆ: ಮುದುಕನೊಬ್ಬ ಇಡೀ ಜೆರುಸಲೇಮನ್ನು ಮೂಟೆ ಥರ ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದಾನೆ. ಸುಲೈಮಾನ್ ಮನ್ಸೂರ್ ಬರೆದದ್ದು ಅಂದರು. ಹತ್ತು ವರ್ಷದಿಂದ ಅದನ್ನು ನೋಡಿ ನೋಡಿ ನನಗೂ ಒಂದು ಬೇಕು ಅನಿಸಿದೆ. ಆನ್‌ಲೈನ್‌ನಲ್ಲಿ ಒಬ್ಬ ‘1973ರ ಒರಿಜಿನಲ್ ಪ್ರಿಂಟ್, ಕಲಾವಿದರ ಸಹಿ ಇದೆ’ ಅಂತ 1,800 ದಿರ್ಹಮ್ ಹೇಳುತ್ತಿದ್ದಾನೆ. ಅದರ ಜೊತೆ ಮನ್ಸೂರ್ ಅವರದೇ 1980ರ ಕಲ್ಲಂಗಡಿ ಹಣ್ಣಿನ ಪೋಸ್ಟರ್ ಕೂಡ ಕೊಡುತ್ತಾನಂತೆ. ಆದರೆ ಒಬ್ಬ ಸ್ನೇಹಿತ, ‘ಆ ಚಿತ್ರ ಲಿಬಿಯಾದಲ್ಲಿ ಬಾಂಬ್ ಬಿದ್ದು ಸುಟ್ಟುಹೋಗಿದೆ, ಈಗ ಸಿಗುವುದೆಲ್ಲ ನಕಲಿ’ ಅನ್ನುತ್ತಾನೆ. ಇನ್ನೊಬ್ಬ, ‘ಕಲಾವಿದ ಅದನ್ನೇ ಮತ್ತೆ ಮತ್ತೆ ಬರೆದಿದ್ದಾನೆ, ಬೆಲೆ ಇಲ್ಲ’ ಅನ್ನುತ್ತಾನೆ. ಅವರ ಮಣ್ಣಿನ ಕೃತಿಯೊಂದನ್ನು ದುಬೈ ಗ್ಯಾಲರಿಯಲ್ಲಿ ನೋಡಿದೆ. ಮೈಯೆಲ್ಲ ಬಿರುಕು. ಹಾಳಾದದ್ದನ್ನು ಮಾರುತ್ತಿದ್ದಾರಾ? ಮತ್ತೆ ನನ್ನ ಹೆಂಡತಿಗೆ ಎರಡು ಚಿಂತೆ. ಒಂದು, ಇಂಥ ಚಿತ್ರ ಮನೆಯಲ್ಲಿ ಹಾಕಿದರೆ ಯಾರಾದರೂ ಏನಾದರೂ ಅಂದಾರೇನೋ. ಇನ್ನೊಂದು, ನಮ್ಮೂರ ಮಳೆಗೆ ಕಾಗದ ಉಳಿಯುತ್ತಾ.

ಉತ್ತರ: ನಾನು ಚಿತ್ರ ಮಾರುವವನಲ್ಲ. ಕಾಗದದ ಮೇಲಿನ ಕೃತಿಗಳನ್ನು ರಿಪೇರಿ ಮಾಡುವವನು. ಹಳೆಯ ಪೋಸ್ಟರ್, ನಕ್ಷೆ, ಜಲವರ್ಣ, ಕಾಗದಪತ್ರ ನನ್ನ ಮೇಜಿಗೆ ಬರುತ್ತವೆ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ‘ಒರಿಜಿನಲ್ ಪ್ರಿಂಟ್’ ಅನ್ನುವ ಮಾತು ಓದಿದಾಗಲೇ ಸ್ವಲ್ಪ ನಿಂತೆ. ನಿಮ್ಮ ಚಿಂತೆ ಏನೆಂದರೆ, ದುಡ್ಡು ಕೊಟ್ಟು ಮೋಸಹೋಗಬಾರದು, ಇಷ್ಟಪಟ್ಟದ್ದು ಕೈತಪ್ಪಲೂಬಾರದು. ಎರಡೂ ಸಾಧ್ಯ. ಆದರೆ ನಿಮ್ಮ ಇಬ್ಬರು ಸ್ನೇಹಿತರೂ ಅರ್ಧ ಸತ್ಯ ಹೇಳಿ ನಿಮ್ಮನ್ನು ಗೊಂದಲಕ್ಕೆ ಹಾಕಿದ್ದಾರೆ. ಮಾರುವವನಂತೂ ಕಾಲು ಸತ್ಯವನ್ನೂ ಹೇಳಿಲ್ಲ.

ಮೊದಲು ಆ ಚಿತ್ರದ ಕಥೆ. ಅದರ ಹೆಸರು ‘ಜಮಲ್ ಅಲ್-ಮಹಾಮಿಲ್’. ಹೊರೆ ಹೊರುವ ಒಂಟೆ ಎಂದು ಅರ್ಥ. ಹೆಸರಿಟ್ಟವರು ಮನ್ಸೂರ್ ಅಲ್ಲ, ಹೈಫಾದ ಕಾದಂಬರಿಕಾರ ಎಮಿಲ್ ಹಬೀಬಿ. ಮನ್ಸೂರ್ ಇದನ್ನು ಮೊದಲು ಬರೆದದ್ದು 1973ರಲ್ಲಿ. ಆಗ ಅವರಿಗೆ 26 ವಯಸ್ಸು. ಪ್ಯಾಲೆಸ್ಟೀನಿನ ರಾಮಲ್ಲಾ ಪಟ್ಟಣದ ಪಕ್ಕದ ಬೀರ್‌ಜೇತ್ ಊರಿನವರು, 1947ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ತಂದೆ ತೀರಿಹೋದರು. ಬೆತ್ಲೆಹೆಮ್‌ನ ಬೋರ್ಡಿಂಗ್ ಶಾಲೆಯಲ್ಲಿ ಓದಿದರು. 1967ರ ಅರಬ್-ಇಸ್ರೇಲ್ ಯುದ್ಧ ಮುಗಿದ ಮೇಲೆ ಜೆರುಸಲೇಮಿನ ಬೆಜಲೇಲ್ ಅಕಾಡೆಮಿಗೆ ಸೇರಿದರು. ಅದು ಇಸ್ರೇಲಿನ ಹೆಸರಾಂತ ಕಲಾಶಾಲೆ. ಅಲ್ಲಿ ಆಗ ಅಮೂರ್ತ ಕಲೆಯದೇ ಜೋರು. ಇವರು ಮಾತ್ರ ಮನುಷ್ಯರನ್ನೇ ಬರೆಯುತ್ತೇನೆ ಎಂದು ಹಠ ಹಿಡಿದರು. ಹಳ್ಳಿಯ ಹೆಂಗಸು, ಆಲಿವ್ ಕೊಯ್ಯುವವರು, ಕಿತ್ತಳೆ ಬುಟ್ಟಿ ಹೊತ್ತವಳು. ಚಿತ್ರದ ಮುಂದೆ ನಿಂತ ರೈತನಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿ ಬರಬಾರದು ಅನ್ನುವುದು ಲೆಕ್ಕ.

ಆ ಮುದುಕನನ್ನು ಒಮ್ಮೆ ಹತ್ತಿರದಿಂದ ನೋಡಿ. ಜೆರುಸಲೇಮಿನ ಹಳೆ ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಗಾಡಿ ಹೋಗದು. ಅಲ್ಲಿ ಬೆನ್ನ ಮೇಲೆ ಸಾಮಾನು ಹೊರುವ ಹಮಾಲರಿದ್ದರು. ಇವನೂ ಅವರಲ್ಲೊಬ್ಬ. ಬರಿಗಾಲು. ಪಾದ, ಕೈ ಎರಡೂ ಮೈಗಿಂತ ಒಂದು ಅಳತೆ ದೊಡ್ಡವು. ಬೆನ್ನ ಮೇಲಿನ ಹೊರೆಗೆ ಕಣ್ಣಿನ ಆಕಾರ. ಆ ಕಣ್ಣಿನೊಳಗೆ ಊರು, ಊರಿನ ನಡುವೆ ಬಂಡೆಗುಮ್ಮಟ, ಅಂದರೆ ‘ಡೋಮ್ ಆಫ್ ದ ರಾಕ್’ ಎಂಬ ಮುಸ್ಲಿಮರ ಪವಿತ್ರ ಕಟ್ಟಡದ ಬಂಗಾರದ ಗೋಳ. ಹೊರೆಗೆ ಹಗ್ಗ ಬಿಗಿದಿದೆ. ಹಿನ್ನೆಲೆಯಲ್ಲಿ ಮಾತ್ರ ಏನೂ ಇಲ್ಲ. ರಸ್ತೆ ಇಲ್ಲ, ಮರ ಇಲ್ಲ, ಗೋಡೆ ಇಲ್ಲ. ಎಲ್ಲಿಂದ ಹೊರಟ, ಎಲ್ಲಿ ಇಳಿಸುತ್ತಾನೆ ಗೊತ್ತಿಲ್ಲ. ಚಿತ್ರದ ಅಸಲು ತಾಕತ್ತು ಈ ಖಾಲಿ ಜಾಗದಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ಹಾಗಾಗಿಯೇ ಇದು ಯಾವ ನಿರಾಶ್ರಿತರ ಶಿಬಿರದ ಗೋಡೆಗೂ, ಕುವೈತಿನ ಯಾವ ಫ್ಲ್ಯಾಟಿಗೂ ಹೊಂದಿಕೊಂಡಿತು. ನಿಮ್ಮ ಅಕೌಂಟೆಂಟ್ ಮನೆಯ ಹಾಲ್‌ಗೂ.

ಈಗ ಸುಟ್ಟುಹೋದ ಮಾತು. ಒಂದು ಆವೃತ್ತಿ ಲಿಬಿಯಾವನ್ನು ಆಗ ಆಳುತ್ತಿದ್ದ ಗದ್ದಾಫಿ ಕೈ ಸೇರಿತು, 1986ರ ಏಪ್ರಿಲ್‌ನಲ್ಲಿ ಅಮೆರಿಕದ ವಿಮಾನಗಳು ಟ್ರಿಪೊಲಿ ಮೇಲೆ ಬಾಂಬ್ ಹಾಕಿದಾಗ ನಾಶವಾಯಿತು ಎನ್ನುವುದು ಕಲಾಲೋಕದಲ್ಲಿ ಎಲ್ಲರೂ ಹೇಳುವ ಕಥೆ. ನಿಮ್ಮ ಸ್ನೇಹಿತ ಹೇಳಿದ್ದರಲ್ಲಿ ಅಷ್ಟು ಸರಿ. ಆದರೆ ‘ಆದ್ದರಿಂದ ಈಗ ಸಿಗುವುದೆಲ್ಲ ನಕಲಿ’ ಅನ್ನುವುದು ತಪ್ಪು. ಆ ಚಿತ್ರವನ್ನು ಮನ್ಸೂರ್ ಅವರೇ ಮತ್ತೆ ಬರೆದಿದ್ದಾರೆ. 2005ರಲ್ಲಿ ಬರೆದದ್ದು 2015ರಲ್ಲಿ ದುಬೈಯ ಕ್ರಿಸ್ಟೀಸ್ ಹರಾಜಿನಲ್ಲಿ 2,57,000 ಡಾಲರ್‌ಗೆ ಹೋಯಿತು. ನಿಮ್ಮ ಎರಡನೇ ಸ್ನೇಹಿತನಿಗೆ ಈ ಅಂಕಿ ತೋರಿಸಿ. ಮತ್ತೆ ಬರೆದರೆ ಬೆಲೆ ಇಲ್ಲ ಅನ್ನುವ ಮಾತಿಗೆ ಉತ್ತರ ಅದರಲ್ಲೇ ಇದೆ. ಕಲಾವಿದ ತನ್ನದೇ ಚಿತ್ರವನ್ನು ತಾನೇ ಎರಡನೇ ಸಲ ಬರೆದರೆ ಅದೂ ಅವನ ಕೃತಿಯೇ. ಬೇರೆಯವರು ಬರೆದು ಅವನ ಹೆಸರು ಹಾಕಿದರೆ ಮಾತ್ರ ನಕಲಿ. ಹೊಸ ಆವೃತ್ತಿಗೆ ಹೊಸ ಇಸವಿ ಇರುತ್ತದೆ, ಅದನ್ನು ಹಾಗೇ ಹೇಳಿ ಮಾರುತ್ತಾರೆ. ಇದರಲ್ಲಿ ಗುಟ್ಟೇನೂ ಇಲ್ಲ.

ಈ ಚಿತ್ರದ ಮಟ್ಟಿಗೆ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಇದರ ಬದುಕು ಕ್ಯಾನ್ವಾಸಿನ ಮೇಲೆ ನಡೆದದ್ದೇ ಕಡಿಮೆ. ಮೂಲ ಚಿತ್ರವನ್ನು ಕಣ್ಣಾರೆ ಕಂಡ ಪ್ಯಾಲೆಸ್ಟೀನಿಯರು ಎಷ್ಟು ಜನ ಇದ್ದಾರು? 1970ರ ದಶಕದ ನಡುವಿನಲ್ಲಿ ಜೆರುಸಲೇಮಿನಲ್ಲಿ ಅದು ಪೋಸ್ಟರ್ ಆಗಿ ಅಚ್ಚಾಯಿತು. ಅಲ್ಲಿಂದ ಊರೂರು ಸುತ್ತಿತು. ಜನ ಅದನ್ನು ಮೊಳೆ ಹೊಡೆದು, ಟೇಪ್ ಹಚ್ಚಿ ಹಾಕಿಕೊಂಡರು. ಎಲ್ಲರ ನೆನಪಿನಲ್ಲಿ ಉಳಿದದ್ದು ಆ ಪೋಸ್ಟರ್. ಹಾಗಿರುವಾಗ ‘ಒರಿಜಿನಲ್ ಎಲ್ಲಿ’ ಅಂತ ಹುಡುಕುವುದು ಈ ಚಿತ್ರಕ್ಕೆ ಅಷ್ಟಾಗಿ ಒಪ್ಪುವ ಪ್ರಶ್ನೆಯೇ ಅಲ್ಲ. ‘ಯಾರು ಅಚ್ಚು ಹಾಕಿದ್ದು, ಯಾವಾಗ, ಆ ದುಡ್ಡು ಯಾರಿಗೆ ಹೋಗುತ್ತದೆ’ ಇದು ಕೇಳಬೇಕಾದ ಪ್ರಶ್ನೆ.

ಪೋಸ್ಟರೇ ಯಾಕೆ ಇಷ್ಟು ಮುಖ್ಯ ಆಯಿತು ಅನ್ನುವುದು ತಿಳಿದರೆ, ಮಾರುವವನ ಕಾಗದಪತ್ರ ಯಾಕೆ ಅಷ್ಟು ಅಸ್ಪಷ್ಟ ಅನ್ನುವುದೂ ತಿಳಿಯುತ್ತದೆ. 1967ರಲ್ಲಿ ಇಸ್ರೇಲ್ ಸೇನೆ ರಾಮಲ್ಲಾ ಇರುವ ವೆಸ್ಟ್ ಬ್ಯಾಂಕ್ ಪ್ರದೇಶವನ್ನು ಹಿಡಿದ ಕೆಲವೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ, 101ನೇ ನಂಬರಿನ ಮಿಲಿಟರಿ ಆದೇಶ ಬಂತು. ಅನುಮತಿ ಇಲ್ಲದೆ ಧ್ವಜ ತೋರಿಸುವಂತಿಲ್ಲ, ರಾಜಕೀಯ ಅರ್ಥ ಬರುವ ಯಾವುದನ್ನೂ ಅಚ್ಚು ಹಾಕುವಂತಿಲ್ಲ. ‘ರಾಜಕೀಯ ಅರ್ಥ’ ಯಾವುದು ಎಂದು ತೀರ್ಮಾನಿಸುವವನು ಅಲ್ಲಿನ ಅಧಿಕಾರಿ. ಗ್ಯಾಲರಿಗಳೇ ಇರಲಿಲ್ಲ. ಕಲಾವಿದರು ಶಾಲೆಗಳಲ್ಲಿ, ಪುರಸಭೆಯ ಹಾಲ್‌ಗಳಲ್ಲಿ ಪ್ರದರ್ಶನ ಇಡುತ್ತಿದ್ದರು. ಸೈನಿಕರು ಬಂದು ಚಿತ್ರ ಹೊತ್ತೊಯ್ದರೆ ರಸೀದಿ ಯಾರು ಕೊಡುತ್ತಾರೆ? ಒಂದು ಕ್ಯಾನ್ವಾಸ್ ವಶವಾದರೆ ಮುಗಿಯಿತು. ಸಾವಿರ ಪೋಸ್ಟರ್ ಊರೆಲ್ಲ ಹಂಚಿಹೋದರೆ ಎಲ್ಲವನ್ನೂ ವಶಪಡಿಸಿಕೊಳ್ಳುವುದು ಕಷ್ಟ. ಆದರೆ ಹಾಗೆ ಅಚ್ಚಾದ ಪೋಸ್ಟರ್‌ಗೆ ಎಷ್ಟು ಪ್ರತಿ, ಯಾವ ಪ್ರೆಸ್, ಎಷ್ಟನೇ ಮುದ್ರಣ ಅಂತ ಲೆಕ್ಕ ಇಟ್ಟುಕೊಳ್ಳುವುದು ಬುದ್ಧಿವಂತಿಕೆಯೂ ಅಲ್ಲ, ಅಲ್ವಾ? ಆ ಲೆಕ್ಕವೇ ಸಾಕ್ಷಿ ಆಗಿಬಿಡುತ್ತಿತ್ತು.

ದೇಶದ ಹೊರಗೆ ಹೋದ ಕೃತಿಗಳ ಗತಿಯೂ ಅಷ್ಟೇ. 1978ರಲ್ಲಿ ಬೈರೂತ್‌ನಲ್ಲಿ ಪ್ಯಾಲೆಸ್ಟೀನ್ ಪರವಾಗಿ ಒಂದು ದೊಡ್ಡ ಅಂತಾರಾಷ್ಟ್ರೀಯ ಪ್ರದರ್ಶನ ಆಗಿತ್ತು. ಸುಮಾರು 30 ದೇಶಗಳ ಕಲಾವಿದರು 200ರಷ್ಟು ಕೃತಿ ಕೊಟ್ಟಿದ್ದರು. 1982ರಲ್ಲಿ ಇಸ್ರೇಲ್ ಬೈರೂತ್ ಮೇಲೆ ದಾಳಿ ಮಾಡಿದಾಗ ಅವನ್ನು ಇಟ್ಟಿದ್ದ ಕಟ್ಟಡಕ್ಕೇ ಬಾಂಬ್ ಬಿತ್ತು. ಪ್ಯಾಲೆಸ್ಟೀನಿನ ಕಲೆಯಲ್ಲಿ ‘ಮೂಲ ಎಲ್ಲಿದೆ’ ಅಂದರೆ ಇಂಥ ಉತ್ತರಗಳೇ ಜಾಸ್ತಿ. ಯುರೋಪಿನ ಚಿತ್ರಕ್ಕೆ ಕೇಳುವ ಹಾಗೆ ‘ಮೊದಲ ದಿನದಿಂದ ಇವತ್ತಿನವರೆಗೆ ಯಾರ್ಯಾರ ಕೈಲಿತ್ತು’ ಅಂತ ಅಖಂಡ ಪಟ್ಟಿ ಕೇಳಿದರೆ ಪ್ರಾಮಾಣಿಕರಿಗೂ ಕೊಡಲಾಗುವುದಿಲ್ಲ. ಮೋಸಗಾರರಿಗೆ ಇದೇ ಸಂದು.

ಕಲ್ಲಂಗಡಿ ಪೋಸ್ಟರ್ ವಿಷಯಕ್ಕೆ ಬರೋಣ. ಅಲ್ಲಿ ನನಗೆ ಅನುಮಾನ ಇನ್ನೂ ಜಾಸ್ತಿ. 1979ರಲ್ಲಿ ರಾಮಲ್ಲಾದಲ್ಲಿ ‘ಗ್ಯಾಲರಿ 79’ ಅಂತ ಒಂದು ಜಾಗ ಶುರುವಾಯಿತು. 1980ರಲ್ಲಿ ಸೇನೆ ಅದನ್ನು ಮುಚ್ಚಿಸಿತು. ಮನ್ಸೂರ್, ನಬಿಲ್ ಅನಾನಿ, ಇಸಾಮ್ ಬದ್ರ್ ಮೂವರು ಕಲಾವಿದರನ್ನೂ ಅಧಿಕಾರಿಗಳು ಕರೆಸಿದರು. ರಾಜಕೀಯ ಬಿಡಿ, ಚೆಂದದ ಹೂವು ಬರೆಯಿರಿ ಎಂದು ಬುದ್ಧಿ ಹೇಳಿದರು. ಕೆಂಪು, ಹಸಿರು, ಕಪ್ಪು, ಬಿಳಿ ನಾಲ್ಕನ್ನೂ ಒಟ್ಟಿಗೆ ಬಳಸಬೇಡಿ ಎಂದರು, ಅವು ಪ್ಯಾಲೆಸ್ಟೀನ್ ಧ್ವಜದ ಬಣ್ಣಗಳು. ಹೂವನ್ನೇ ಆ ಬಣ್ಣದಲ್ಲಿ ಬರೆದರೆ ಏನು ಮಾಡುತ್ತೀರಿ ಅಂತ ಬದ್ರ್ ಕೇಳಿದರಂತೆ. ವಶಪಡಿಸಿಕೊಳ್ಳುತ್ತೇವೆ, ಕಲ್ಲಂಗಡಿ ಬರೆದರೂ ಅಷ್ಟೇ ಅಂತ ಅಧಿಕಾರಿ ರೇಗಿದನಂತೆ. ಕಲ್ಲಂಗಡಿ ಹೋಳಿನಲ್ಲೂ ಅವೇ ನಾಲ್ಕು ಬಣ್ಣ ಇವೆಯಲ್ಲ. ಮನ್ಸೂರ್ ಇದನ್ನು ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅಂದರೆ ಆ ಹಣ್ಣಿನ ಮಾತು ಎತ್ತಿದವನು ಅಧಿಕಾರಿ, ಕಲಾವಿದರಲ್ಲ. ಅವತ್ತಿನ ಕಲಾವಿದರೆಲ್ಲ ಗುಟ್ಟಾಗಿ ಕಲ್ಲಂಗಡಿ ಬರೆಯುತ್ತಿದ್ದರು ಅನ್ನುವುದು ಈಚೆಗೆ ಫೋನಿನಲ್ಲಿ ಹರಡಿದ ಕಥೆ. ಹಣ್ಣಿನ ಹೋಳನ್ನು ನಿಜಕ್ಕೂ ಚಿತ್ರವಾಗಿಸಿ ಹೆಸರಾದವರು ಅವರಿಗಿಂತ ಕಿರಿಯರಾದ ಖಾಲೆದ್ ಹುರಾನಿ, ಅದೂ 2007ರ ಹೊತ್ತಿಗೆ. ಮಾರುವವನು ‘1980ರ ಮನ್ಸೂರ್ ಕಲ್ಲಂಗಡಿ’ ಅಂದನೆಂದರೆ ಅವನು ಆ ಕಥೆಯನ್ನು ಅರ್ಧ ಕೇಳಿ ಸರಕು ತಯಾರಿಸಿದ್ದಾನೆ ಅಂತಲೇ ನನ್ನ ಲೆಕ್ಕ. ಅದನ್ನು ಕೊಳ್ಳಬೇಡಿ. ಇಷ್ಟಕ್ಕೇ ಅವನ ಇನ್ನೊಂದು ಸರಕಿನ ಬಗ್ಗೆಯೂ ಎಚ್ಚರ ಬೇಕು.

ಆ ‘1973ರ ಒರಿಜಿನಲ್ ಪ್ರಿಂಟ್’ ಅನ್ನುವ ಮಾತಲ್ಲೇ ಎಡವಟ್ಟಿದೆ. 1973 ಚಿತ್ರ ಬರೆದ ವರ್ಷ, ಅಚ್ಚಾದ ವರ್ಷವಲ್ಲ. ಪೋಸ್ಟರ್ ಬಂದದ್ದು ಅದಾದ ಮೇಲೆ. ಸಹಿಯ ಮಾತೂ ಹಾಗೆಯೇ. ಮೂಲ ಚಿತ್ರದ ಮೇಲೆ ಕಲಾವಿದ ಹಾಕಿದ ಸಹಿ ಫೋಟೊದ ಜೊತೆ ಪ್ರಿಂಟಿನಲ್ಲೂ ಬಂದಿರುತ್ತದೆ. ಅದನ್ನೇ ತೋರಿಸಿ ‘ಸಹಿ ಇದೆ’ ಅನ್ನುವವರು ಬೇಕಾದಷ್ಟು ಜನ. ಬೆಲೆ ಬರುವುದು ಆ ಸಹಿಗಲ್ಲ. ಅಚ್ಚಾದ ಮೇಲೆ, ಕೆಳಗಿನ ಬಿಳಿ ಅಂಚಿನಲ್ಲಿ ಕಲಾವಿದ ಕೈಯಾರೆ, ಸಾಮಾನ್ಯವಾಗಿ ಪೆನ್ಸಿಲಿನಲ್ಲಿ ಹಾಕಿದ ಸಹಿಗೆ. ಅದರ ಪಕ್ಕ 23/100 ಥರದ ಸಂಖ್ಯೆ ಇರುತ್ತದೆ. ನೂರು ಪ್ರತಿಯಲ್ಲಿ ಇದು ಇಪ್ಪತ್ಮೂರನೆಯದು ಅಂತ.

ನೀವೇ ಪರೀಕ್ಷೆ ಮಾಡಬಹುದು. ಚಿನ್ನದಂಗಡಿಯವರು ಇಟ್ಟುಕೊಳ್ಳುವ ಹತ್ತು ಪಟ್ಟಿನ ಭೂತಕನ್ನಡಿ ಒಂದು ಸಾಕು. ಈಗಿನ ಫೋನುಗಳ ಮ್ಯಾಕ್ರೊ ಕ್ಯಾಮೆರಾ ಕೂಡ ನಡೆಯುತ್ತದೆ. ಮುದುಕನ ಅಂಗಿಯ ಮೇಲೆ, ತಿಳಿ ಬಣ್ಣ ಇರುವಲ್ಲಿ ಇಟ್ಟು ನೋಡಿ. ಪ್ರೆಸ್ಸಿನಲ್ಲಿ ತಗಡಿನ ಪ್ಲೇಟಿನಿಂದ ತೆಗೆದ ಹಳೆಯ ಆಫ್‌ಸೆಟ್ ಅಚ್ಚಾದರೆ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ, ಪುಟ್ಟ ಪುಟ್ಟ ಹೂವಿನ ಹಾಗೆ ಒಂದೇ ಕ್ರಮದಲ್ಲಿ ಕೂತಿರುತ್ತವೆ. ಕಂಪ್ಯೂಟರ್ ಪ್ರಿಂಟರಿನ ಇಂಕ್‌ಜೆಟ್ ಆದರೆ ಕ್ರಮವೇ ಇಲ್ಲ, ತೀರಾ ಸಣ್ಣ ಹನಿ ಸಿಂಪಡಿಸಿದಂತೆ ಕಾಣುತ್ತದೆ. ಕಲಾಕೃತಿಗಳಿಗೆ ಇಂಕ್‌ಜೆಟ್ ಬಂದದ್ದು 1990ರ ದಶಕದಲ್ಲಿ. ಹಾಗಾಗಿ ಇಂಕ್‌ಜೆಟ್ ಹನಿ ಕಂಡರೆ ಅದು ಎಪ್ಪತ್ತರ ದಶಕದ್ದಲ್ಲ, ಮಾತು ಮುಗಿಯಿತು. ಆದರೆ ಆಫ್‌ಸೆಟ್ ಚುಕ್ಕಿ ಕಂಡ ಕೂಡಲೇ ಹಳೆಯದು ಅಂದುಕೊಳ್ಳಬೇಡಿ. ಆಫ್‌ಸೆಟ್ ಇವತ್ತಿಗೂ ನಡೆಯುತ್ತಿದೆ.

ಆಮೇಲೆ ಹಾಳೆ ತಿರುಗಿಸಿ. ಗೋಡೆಯ ಮೇಲೆ ನಲವತ್ತು ಐವತ್ತು ವರ್ಷ ಕಳೆದ ಪೋಸ್ಟರಿನ ಹಿಂಬದಿ ಸುಳ್ಳು ಹೇಳುವುದು ಅಪರೂಪ. ನಾಲ್ಕು ಮೂಲೆಗೂ ಮೊಳೆ ಅಥವಾ ಪಿನ್ನಿನ ತೂತು, ಟೇಪ್ ಕಿತ್ತ ಜಾಗದಲ್ಲಿ ಕಂದು ಗುರುತು, ಮಡಿಚಿದ ಗೆರೆ. ಅಂಚು ನಡುವಿಗಿಂತ ಜಾಸ್ತಿ ಹಳದಿ. ಬಿಸಿಲಿಗೆ ಮೊದಲು ಹೋಗುವುದು ಕೆಂಪು, ಹಳದಿ ಶಾಯಿ. ಹಾಗಾಗಿ ಹಳೆ ಪೋಸ್ಟರ್ ಸ್ವಲ್ಪ ನೀಲಿಯಾಗಿರುತ್ತದೆ. ಇಡೀ ಹಾಳೆ ಒಂದೇ ಸಮ ಕಂದಾಗಿದ್ದು, ಮುಂದೆ ಬಣ್ಣ ಮಾತ್ರ ಫಳಫಳ ಅನ್ನುತ್ತಿದ್ದರೆ ಯಾರೋ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದಿದ್ದಾರೆ. ನಗಬೇಡಿ, ಇದು ನಮ್ಮ ಕಸುಬಿನಲ್ಲಿ ದಿನಾ ಕಾಣುವ ಕೆಲಸ. ಕೆಳ ಅಂಚನ್ನೂ ನೋಡಿ. ಪ್ರಕಾಶಕರ ಹೆಸರು ಅಲ್ಲೇ ಇರುತ್ತದೆ. ಆ ಪಟ್ಟಿಯನ್ನೇ ಕತ್ತರಿಸಿ ಫ್ರೇಮ್ ಹಾಕಿದ್ದರೆ, ಯಾಕೆ ಕತ್ತರಿಸಿದಿರಿ ಅಂತ ಕೇಳಿ. ಫ್ರೇಮ್ ಬಿಚ್ಚಿ ತೋರಿಸಲು ಒಪ್ಪದಿದ್ದರೆ ಎದ್ದು ಬನ್ನಿ.

ಮಣ್ಣಿನ ಕೃತಿಯ ಬಿರುಕಿನ ಬಗ್ಗೆ ಕೇಳಿದ್ದೀರಿ. ಅದು ಹಾಳಾದದ್ದಲ್ಲ. 1987ರ ಡಿಸೆಂಬರ್‌ನಲ್ಲಿ ಮೊದಲ ಇಂತಿಫಾದಾ, ಅಂದರೆ ಇಸ್ರೇಲ್ ಆಳ್ವಿಕೆಯ ವಿರುದ್ಧ ಪ್ಯಾಲೆಸ್ಟೀನಿಯರ ದಂಗೆ, ಶುರುವಾಯಿತು. ಜನ ಇಸ್ರೇಲಿ ಸಾಮಾನುಗಳನ್ನು ಬಿಟ್ಟರು. ಕಲಾವಿದರ ಬಣ್ಣ, ಕ್ಯಾನ್ವಾಸ್ ಎಲ್ಲ ಬರುತ್ತಿದ್ದದ್ದೂ ಇಸ್ರೇಲಿನ ಅಂಗಡಿಗಳಿಂದಲೇ. ಹಿತ್ತಲಲ್ಲಿ ತರಕಾರಿ ಬೆಳೆದುಕೊಂಡು ಬಹಿಷ್ಕಾರ ಮಾಡುತ್ತಿರುವವರ ನಡುವೆ ನಾವು ಅವರ ಟ್ಯೂಬ್ ಬಣ್ಣ ಹಿಂಡುತ್ತಾ ಕೂರುವುದು ಹೇಗೆ ಅನ್ನುವ ಪ್ರಶ್ನೆ ಬಂತು. ಮನ್ಸೂರ್, ನಬಿಲ್ ಅನಾನಿ, ವೆರಾ ತಮಾರಿ, ತೈಸೀರ್ ಬರಕಾತ್ ನಾಲ್ವರೂ ಸೇರಿ ‘ಹೊಸ ನೋಟ’ ಎಂಬ ಗುಂಪು ಕಟ್ಟಿದರು. ತಮ್ಮ ನೆಲದಲ್ಲಿ ಸಿಗುವುದರಲ್ಲೇ ಕೆಲಸ ಮಾಡುವುದು ಎಂದು ತೀರ್ಮಾನಿಸಿದರು. ಅನಾನಿ ಚರ್ಮ ಮತ್ತು ಗಿಡಮೂಲಿಕೆ ಬಣ್ಣ ಹಿಡಿದರು. ತಮಾರಿ ಜೇಡಿಮಣ್ಣು. ಬರಕಾತ್ ಮರವನ್ನು ಸುಟ್ಟು ಚಿತ್ರ ಮೂಡಿಸಿದರು. ಮನ್ಸೂರ್‌ಗೆ ನೆನಪಾದದ್ದು ಅಜ್ಜಿ. ಮಣ್ಣಿಗೆ ಹುಲ್ಲು ಸೇರಿಸಿ ತುಳಿದು ಅಜ್ಜಿ ಒಲೆ, ಜೇನುಗೂಡು ಮಾಡುವಾಗ ಈ ಹುಡುಗ ಕೈ ಜೋಡಿಸುತ್ತಿದ್ದನಂತೆ. ಅದೇ ಮಿಶ್ರಣವನ್ನು ಹಲಗೆಗೆ ಮೆತ್ತತೊಡಗಿದರು.

ಮಣ್ಣು ಒಣಗಿದರೆ ಬಿರಿಯುತ್ತದೆ. ಮೊದಮೊದಲು ಬಿರುಕನ್ನು ತಡೆಯುವುದು ಒಂದು ಕೆಲಸವೇ ಆಗಿತ್ತು. ಆಮೇಲೆ ಬಿರುಕೇ ಅವರ ಗೆರೆಯಾಯಿತು. ಮನುಷ್ಯನ ಆಕಾರವನ್ನು ಮಣ್ಣಲ್ಲಿ ಮಾಡಿ ಒಣಗಲು ಬಿಟ್ಟರೆ, ಎಲ್ಲಿ ಒಡೆಯಬೇಕು ಅನ್ನುವುದನ್ನು ಮಣ್ಣೇ ನಿರ್ಧರಿಸುತ್ತದೆ. ‘ನಾನು, ಇಸ್ಮಾಯಿಲ್’ ಎಂಬ ಸರಣಿಯಲ್ಲಿ ಇಂಥ ಮಣ್ಣಿನ ಮನುಷ್ಯರಿದ್ದಾರೆ. ನಿಂತಿದ್ದಾರೆ, ಆದರೆ ಮೈಯೆಲ್ಲ ತುಂಡು ತುಂಡು. 1998ರಲ್ಲಿ ಕೈರೋ ಬಿನಾಲೆ ಎಂಬ ಅಂತಾರಾಷ್ಟ್ರೀಯ ಕಲಾಪ್ರದರ್ಶನದ ನೈಲ್ ಬಹುಮಾನ ಮನ್ಸೂರ್‌ಗೆ ಬಂತು. ಹಮಾಲನ ಚಿತ್ರದಿಂದ ಅವರನ್ನು ತಿಳಿದವರು ಈ ಮಣ್ಣಿನ ಕೃತಿಗಳ ಮುಂದೆ ನಿಲ್ಲುವುದೇ ಇಲ್ಲ, ಅದು ನನಗೆ ಸ್ವಲ್ಪ ಬೇಸರದ ಸಂಗತಿ. ಕಲಾವಿದನಾಗಿ ಅವರು ದೊಡ್ಡ ಹೆಜ್ಜೆ ಇಟ್ಟದ್ದು ಇಲ್ಲಿ. ಹಮಾಲನಲ್ಲಿ ಏನು ಹೇಳಬೇಕು ಅನ್ನುವುದು ಮೊದಲೇ ಗೊತ್ತಿತ್ತು. ಮಣ್ಣಿನಲ್ಲಿ ಅವರು ಹುಡುಕುತ್ತಿದ್ದಾರೆ.

ಇಂಥ ಕೃತಿ ರಿಪೇರಿಗೆ ಬಂದರೆ ನಮ್ಮಂಥವರು ಮಾಡಬೇಕಾದ ಮೊದಲ ಕೆಲಸ, ಕೈ ಕಟ್ಟಿ ಕೂರುವುದು. ಬಿರುಕು ತುಂಬಿದರೆ ಕೃತಿ ಹೋಯಿತು. ಸಡಿಲವಾಗಿ ಬೀಳುವಂತಿರುವ ತುಂಡನ್ನು ಹಿಂದಿನಿಂದ ಹಿಡಿಸಬೇಕು, ಅಷ್ಟೇ. ಆದರೆ ನೀವು ಇಂಥದ್ದನ್ನು ಮಂಗಳೂರಿಗೆ ತರುವ ಯೋಚನೆ ಮಾಡಿದ್ದರೆ ಬಿಡಿ. ಬೆಲೆ ಒಂದು ಕಡೆ ಇರಲಿ. ಜೆರುಸಲೇಮಿನ ಒಣ ಹವೆಯಲ್ಲಿ ಒಣಗಿದ ಮಣ್ಣು, ಹುಲ್ಲು ನಮ್ಮ ಜುಲೈ ತಿಂಗಳ ತೇವವನ್ನು ಹೀರಿ ಉಬ್ಬುತ್ತದೆ, ಡಿಸೆಂಬರ್‌ಗೆ ಕುಗ್ಗುತ್ತದೆ, ಹುಲ್ಲಿಗೆ ಹುಳ ಬೀಳುತ್ತದೆ. ವರ್ಷಪೂರ್ತಿ ಒಂದೇ ಹವೆ ಇರುವ ಕೋಣೆ ಇಲ್ಲದೆ ಅದನ್ನು ಸಾಕುವುದು ಕಷ್ಟ.

ಹಾಗಾದರೆ ನಿಮಗೆ ಇರುವ ದಾರಿ ಯಾವುವು? ಸುಲಭದ್ದು, ಈಗಿನ ಅಧಿಕೃತ ಪೋಸ್ಟರ್. ರಾಮಲ್ಲಾದ ಜಾವಿಯೆ ಗ್ಯಾಲರಿ ಮನ್ಸೂರ್ ಅವರ ಕೃತಿಗಳನ್ನು ನೋಡಿಕೊಳ್ಳುತ್ತದೆ, ದುಬೈಯಲ್ಲಿ ಗ್ಯಾಲರಿಗಳೇ ತುಂಬಿರುವ ಅಲ್‌ಸರ್ಕಾಲ್ ಅವೆನ್ಯೂದಲ್ಲೂ ಅದು ಜಾಗ ತೆರೆದಿದೆ. ನಿಮಗೆ ಶಾರ್ಜಾದಿಂದ ದೂರವೇನಲ್ಲ. ಹೋಗುವ ಮೊದಲು ಫೋನ್ ಮಾಡಿ, ಈ ಚಿತ್ರದ ಪ್ರಿಂಟ್ ಇದೆಯಾ, ಸಹಿ ಇರುವುದಾ ಇಲ್ಲದ್ದಾ, ಯಾವ ಕಾಗದ ಅಂತ ವಿಚಾರಿಸಿ. ಸಹಿ ಇಲ್ಲದ ಪೋಸ್ಟರ್ ಮುಂದೆ ಮಾರಿದರೆ ಏನೂ ಬರುವುದಿಲ್ಲ. ಆದರೆ ಮೋಸದ ಭಯವೂ ಇಲ್ಲ, ದುಡ್ಡಿನ ಒಂದು ಪಾಲು ಕಲಾವಿದರ ಕಡೆಗೆ ಹೋಗುತ್ತದೆ.

ಸಹಿ, ಸಂಖ್ಯೆ ಇರುವ ಸೀಮಿತ ಪ್ರಿಂಟ್ ಬೇಕೆಂದರೆ ಬೆಲೆ ಏರುತ್ತದೆ. ಕಲಾವಿದರಿಗೆ ಈಗ ವಯಸ್ಸಾಗಿದೆ, ಮುಂದೆ ಬೆಲೆ ಬರುತ್ತದೆ ಅಂತ ಮಾರುವವರು ಕಿವಿಯಲ್ಲಿ ಹೇಳುತ್ತಾರೆ. ಬರಬಹುದು, ಬರದೆಯೂ ಇರಬಹುದು. ನಾನು ಕಂಡ ಹಾಗೆ ಲಾಭಕ್ಕೆ ಅಂತ ಪ್ರಿಂಟ್ ಕೊಂಡವರು ಅದನ್ನು ಮಂಚದ ಕೆಳಗೆ ಸುತ್ತಿಟ್ಟು ಹುಳಕ್ಕೆ ಕೊಡುತ್ತಾರೆ. ಇದನ್ನು ಕೊಂಡರೆ ಗ್ಯಾಲರಿಯ ಬಿಲ್, ಪ್ರಮಾಣಪತ್ರ ಎರಡೂ ನಿಮ್ಮ ಹೆಸರಿಗೆ ಇರಲಿ, ಪ್ರತಿಯ ಸಂಖ್ಯೆ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೀ ಪ್ರಮಾಣಪತ್ರ ನಂಬಬೇಡಿ. ಪ್ರಿಂಟ್ ಮಾಡಲು ಬರುವವನಿಗೆ ಪ್ರಮಾಣಪತ್ರ ಪ್ರಿಂಟ್ ಮಾಡುವುದು ಇನ್ನೂ ಸುಲಭ.

ಮೂರನೆಯದು ನಿಮ್ಮ ಆನ್‌ಲೈನ್ ಮನುಷ್ಯ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಆ ಹಾಳೆ ಹಳೆಯದೇ ಎಂದು ತೋರಿದರೆ, ಹಳೆಯ ಪೋಸ್ಟರಿನ ಬೆಲೆ ಕೊಟ್ಟು ಕೊಳ್ಳಬಹುದು. ‘ಒರಿಜಿನಲ್’ ಮತ್ತು ‘ಸಹಿ’ ಎರಡು ಮಾತಿಗೆ ಅವನು ಸೇರಿಸಿದ ಬೆಲೆಯನ್ನು ಕೊಡಬೇಡಿ. ಹಳೆಯ ಪೋಸ್ಟರಿನ ಇನ್ನೊಂದು ತಾಪತ್ರಯ, ಅಗ್ಗದ ಕಾಗದ. ಅದು ಒಳಗಿನಿಂದಲೇ ಆಮ್ಲವಾಗಿ ಪುಡಿಪುಡಿ ಆಗುತ್ತಿರುತ್ತದೆ. ಕೊಂಡ ಮೇಲೆ ಆಮ್ಲ ತೆಗೆಸಿ, ಹಿಂದೆ ಜಪಾನಿ ಕಾಗದ ಹಚ್ಚಿಸುವ ಖರ್ಚು ಪೋಸ್ಟರಿನ ಬೆಲೆಯನ್ನೇ ಮೀರಬಹುದು. ನೆಟ್‌ನಿಂದ ಚಿತ್ರ ಇಳಿಸಿ ಊರಿನ ಡಿಜಿಟಲ್ ಪ್ರೆಸ್‌ನಲ್ಲಿ ಫ್ಲೆಕ್ಸ್ ಥರ ಹೊಡೆಸುವ ಉಪಾಯ ಕೆಲವರು ಹೇಳುತ್ತಾರೆ. ಬೇಡ. ಕಲಾವಿದರು ಬದುಕಿದ್ದಾರೆ, ಹಕ್ಕು ಅವರದು. ಜೊತೆಗೆ ಆ ಫೈಲಿನಲ್ಲಿ ಮುದುಕನ ಕೈ ಬೆರಳು ಕೂಡ ಸರಿ ಕಾಣುವುದಿಲ್ಲ.

ನನ್ನನ್ನೇ ಕೇಳಿದರೆ, ಗ್ಯಾಲರಿಯ ಸಾದಾ ಪೋಸ್ಟರ್ ಕೊಳ್ಳಿ, ಉಳಿದ ದುಡ್ಡನ್ನು ಒಳ್ಳೆಯ ಫ್ರೇಮಿಗೆ ಹಾಕಿ. ಪೋಸ್ಟರ್ ಆಗಿಯೇ ಬದುಕಿದ ಚಿತ್ರವನ್ನು ಪೋಸ್ಟರ್ ಆಗಿ ಇಟ್ಟುಕೊಂಡರೆ ಯಾವ ಕೊರತೆಯೂ ಇಲ್ಲ. ಅದಕ್ಕೂ ಮೊದಲು ನಿಮ್ಮ ಅಕೌಂಟೆಂಟರನ್ನೇ ಕೇಳಿ ನೋಡಿ, ಅವರದ್ದು ಎಲ್ಲಿ ಸಿಕ್ಕಿತು, ಯಾವ ವರ್ಷ ಅಂತ. ಭೂತಕನ್ನಡಿ ಇಟ್ಟು ನೋಡಲು ಅವರು ಒಪ್ಪಿದರೆ ಹೋಲಿಸಲು ನಿಮಗೊಂದು ನಂಬಿಕೆಯ ಮಾದರಿ ಸಿಕ್ಕಂತೆ.

ನಿಮ್ಮ ಮನೆಯವರ ಮೊದಲ ಚಿಂತೆಗೆ ಜಾಸ್ತಿ ಹೇಳುವುದೇನಿಲ್ಲ. ಬಿಲ್ ಕೊಟ್ಟು ಕೊಂಡ ಕಲಾಕೃತಿ, ನಿಮ್ಮ ಮನೆಯ ಗೋಡೆ. ಪ್ಯಾಲೆಸ್ಟೀನನ್ನು ದೇಶವೆಂದು ಭಾರತ ಒಪ್ಪಿಕೊಂಡದ್ದೇ 1988ರಲ್ಲಿ. ಬಂದ ನೆಂಟರಲ್ಲಿ ಯಾರಾದರೂ ಕೇಳಬಹುದು, ವಾದಕ್ಕೂ ಇಳಿಯಬಹುದು. ಅದು ಬೇಡ ಅನಿಸಿದರೆ ಹಾಲ್ ಬಿಟ್ಟು ಓದುವ ಕೋಣೆಯಲ್ಲಿ ಹಾಕಿ. ಇದನ್ನು ನೀವಿಬ್ಬರೂ ಕೂತು ತೀರ್ಮಾನಿಸಬೇಕು, ನಾನಲ್ಲ. ಹಾಳೆಯನ್ನು ಮಡಿಚದೆ, ಅಗಲ ಬಾಯಿಯ ಗಟ್ಟಿ ಕೊಳವೆಯಲ್ಲಿ ಸುತ್ತಿ, ಬಿಲ್ ಜೊತೆಗಿಟ್ಟು ಕೈಚೀಲದೊಂದಿಗೆ ತನ್ನಿ. ಕಂಟೇನರಿನಲ್ಲಿ ಸೋಫಾದ ಜೊತೆ ಕಳಿಸಬೇಡಿ.

ಎರಡನೇ ಚಿಂತೆ ಮಾತ್ರ ನಿಜವಾದದ್ದು. ಗಾಳಿಯಲ್ಲಿ ತೇವ ಶೇ. 65-70 ದಾಟಿದರೆ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದಕ್ಕಿಂತ ಕೆಳಗೆ ಇಳಿಯುವ ದಿನವೇ ಅಪರೂಪ. ಊರಿನ ಫ್ರೇಮ್ ಅಂಗಡಿಗೆ ಕೊಟ್ಟರೆ ಅವರು ಪ್ರೀತಿಯಿಂದಲೇ ಎರಡು ಅನಾಹುತ ಮಾಡುತ್ತಾರೆ. ಹಾಳೆಯನ್ನು ಅಂಟು ಬಳಿದು ಪ್ಲೈವುಡ್‌ಗೆ ಅಂಟಿಸುತ್ತಾರೆ, ಇಲ್ಲವೇ ಲ್ಯಾಮಿನೇಷನ್ ಮಾಡುತ್ತಾರೆ. ಎರಡೂ ಬೇಡ ಅಂತ ಚೀಟಿಯಲ್ಲಿ ಬರೆದು ಕೊಡಿ. ಚಿತ್ರದ ಹಿಂದೆ, ಸುತ್ತ ಹಾಕುವ ಆಮ್ಲರಹಿತ ರಟ್ಟು (ಮೌಂಟ್ ಬೋರ್ಡ್) ಕೇಳಿ, ಸಿಗದಿದ್ದರೆ ಬೆಂಗಳೂರಿನಿಂದ ತರಿಸಿ. ಹಾಳೆಯನ್ನು ಮೇಲಿನ ಎರಡು ಮೂಲೆಯಲ್ಲಿ ಮಾತ್ರ ಹಿಡಿಸಲಿ, ಉಬ್ಬಿ ಕುಗ್ಗಲು ಜಾಗ ಬೇಕು. ಗಾಜಿಗೂ ಚಿತ್ರಕ್ಕೂ ನಡುವೆ ಕಾಲು ಇಂಚಾದರೂ ಸಂದು ಇರಲಿ, ಇಲ್ಲದಿದ್ದರೆ ಶಾಯಿ ಗಾಜಿಗೆ ಕಚ್ಚಿಕೊಳ್ಳುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆಗೆ ಹಾಕಬೇಡಿ, ಬಾತ್‌ರೂಮಿನ ಹಿಂಬದಿ ಗೋಡೆಗೂ ಬೇಡ. ಒಳಗೋಡೆಯೇ ಒಳ್ಳೆಯದು. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಬಾಟಲಿ ಬಿರಡೆಯ ತುಂಡು ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಓಡಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಇಳಿಸಿ ಹಿಂಬದಿ ನೋಡಿ. ಗಾಜಿನ ಒಳಗೆ ಬಿಳಿ ಪುಡಿಯಂಥದ್ದು ಕಂಡರೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ, ಬಿಸಿಲಿಗೂ ಇಡಬೇಡಿ. ಫ್ರೇಮ್ ಬಿಚ್ಚಿ, ಹಾಳೆಯನ್ನು ಫ್ಯಾನ್ ಇರುವ ಒಣ ಕೋಣೆಯಲ್ಲಿ ಮಲಗಿಸಿ, ಫೋಟೊ ತೆಗೆದು ನನಗೆ ಕಳಿಸಿ.